ಎಳೆಯ ಮಗುವಿಗೆ ಹುಷಾರಿಲ್ಲದಾಗ: ಮನೆಯ ಆರೈಕೆಯಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು

ಮಗುವಿಗೆ ರಾತ್ರಿ ಜ್ವರ ಏರಿದಾಗ ಮನೆಯಲ್ಲಿ ಸಲಹೆಗಳಿಗೆ ಬರವಿರುವುದಿಲ್ಲ. ಅಜ್ಜಿ ಸ್ವೆಟರ್ ತೊಡಿಸಿ ಕಂಬಳಿ ಹೊದಿಸಲು ಹೇಳುತ್ತಾರೆ, ಪಕ್ಕದ ಮನೆಯವರು ತಣ್ಣೀರು ಪಟ್ಟಿ ಹಾಕಲು ಹೇಳುತ್ತಾರೆ, ಫ್ರಿಜ್ಜಿನ ಬಾಗಿಲಲ್ಲಿ ಕಳೆದ ಮಳೆಗಾಲದಲ್ಲಿ ತಂದ ಅರ್ಧ ಬಾಟಲಿ ಸಿರಪ್ ಇರುತ್ತದೆ, ಮೊಬೈಲಿಗೆ ಇನ್ನೂ ಹಲವು ಉಪಾಯಗಳು ಬಂದು ಬಿದ್ದಿರುತ್ತವೆ. ಇವುಗಳಲ್ಲಿ ಕೆಲವು ಒಳ್ಳೆಯವು, ಕೆಲವು ಉಪಯೋಗವೂ ಅಪಾಯವೂ ಇಲ್ಲದ ರೂಢಿಗಳು, ಇನ್ನು ಕೆಲವು ನಿಜಕ್ಕೂ ಅಪಾಯಕಾರಿ. ಹುಟ್ಟಿದಂದಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಪದೇ ಪದೇ ಬರುವ ಜ್ವರ, ನೆಗಡಿ, ಕೆಮ್ಮು, ವಾಂತಿಭೇದಿ, ಹೊಟ್ಟೆನೋವುಗಳಲ್ಲಿ ನಮ್ಮೆದುರಿಗಿರುವ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಈ ಬರಹದ ಉದ್ದೇಶ.

ಹೋಲಿಸಲು ಒಂದು ಅಳತೆಗೋಲು ಬೇಕು. ಈ ಕಾಯಿಲೆಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದ ಬರುತ್ತವೆ, ತಮ್ಮ ಅವಧಿ ಮುಗಿದ ಮೇಲೆ ತಾವೇ ಹೋಗುತ್ತವೆ. ಮನೆಯಲ್ಲಿ ನಾವು ಮಾಡುವ ಯಾವುದೂ ಆ ಅವಧಿಯನ್ನು ಹೇಳಿಕೊಳ್ಳುವಷ್ಟು ಕಡಿಮೆ ಮಾಡುವುದಿಲ್ಲ. ಹಾಗಾಗಿ ಒಂದು ಉಪಾಯ ರೋಗವನ್ನು ಓಡಿಸುತ್ತದೆಯೇ ಎಂದು ಕೇಳುವುದಕ್ಕಿಂತ, ಅದರಿಂದ ಮಗು ಸ್ವಲ್ಪ ಸುಲಭವಾಗಿ ಹಾಲು ಕುಡಿದು ನಿದ್ದೆ ಮಾಡುತ್ತದೆಯೇ, ಅಳತೆ ತಪ್ಪಿದರೆ ಆಗುವ ಕೇಡು ಎಷ್ಟು ದೊಡ್ಡದು ಎಂದು ಕೇಳುವುದು ಸರಿ. ಮಗುವಿಗೆ ಯಾವ ಸುಖವನ್ನೂ ಕೊಡದೆ, ಏನೋ ಒಂದು ಮಾಡಿದೆವೆಂಬ ಸಮಾಧಾನವನ್ನು ದೊಡ್ಡವರಿಗೆ ಮಾತ್ರ ಕೊಡುವ ಉಪಾಯಗಳು ನಮ್ಮಲ್ಲಿ ಬಹಳ ಇವೆ, ಅವನ್ನು ಗುರುತಿಸಿ ಬದಿಗಿಡಬೇಕಾಗುತ್ತದೆ.

ಜ್ವರ: ಔಷಧಿಯೋ, ಒದ್ದೆ ಬಟ್ಟೆಯೋ

ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡುವುದು ಮನೆಗೆ ಸಾಕು. ಗಾಜಿನ ಥರ್ಮಾಮೀಟರ್ ಒಡೆದರೆ ಪಾದರಸ ಚೆಲ್ಲುತ್ತದೆ, ಹಣೆಗೆ ಅಂಟಿಸುವ ಪಟ್ಟಿಗಳನ್ನು ನಂಬುವಂತಿಲ್ಲ, ಮೈಮುಟ್ಟಿ ನೋಡಿದರೆ ಜ್ವರವಿದೆಯೆಂದು ತಿಳಿಯಬಹುದೇ ಹೊರತು ಎಷ್ಟಿದೆಯೆಂದು ತಿಳಿಯದು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಜ್ವರ. ಮೂರು ತಿಂಗಳು ತುಂಬದ ಕೂಸಿಗೆ ಇಷ್ಟು ಬಂದರೆ ಮುಂದಿನ ಹೋಲಿಕೆಗಳು ಯಾವುವೂ ಅನ್ವಯಿಸುವುದಿಲ್ಲ. ಔಷಧಿ ಕೊಟ್ಟು ಕಾಯದೆ ಆ ಹೊತ್ತಿಗೇ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಗಂಭೀರ ಸೋಂಕಿಗೂ ಜ್ವರವೊಂದೇ ಗುರುತಾಗಿರಬಹುದು.

ಅದಕ್ಕಿಂತ ದೊಡ್ಡ ಮಗುವಿನಲ್ಲಿ ಥರ್ಮಾಮೀಟರಿನ ಅಂಕಿಗಿಂತ ಮಗುವಿನ ನಡವಳಿಕೆಯನ್ನೇ ಹೆಚ್ಚಾಗಿ ಗಮನಿಸಬೇಕು. 102 ಡಿಗ್ರಿ ಇದ್ದರೂ ಆಡಿಕೊಂಡಿರುವ ಮಗುವಿಗೆ ಔಷಧಿ ತುರ್ತಲ್ಲ, ನಿದ್ದೆ ಹೋಗಿರುವ ಮಗುವನ್ನು ಔಷಧಿ ಕುಡಿಸುವುದಕ್ಕೆಂದೇ ಎಬ್ಬಿಸಬೇಕಾಗಿಯೂ ಇಲ್ಲ. ಜ್ವರ 101 ಅನ್ನು ದಾಟದಿದ್ದರೂ ಮೈಕೈ ನೋವಿನಿಂದ ನರಳುತ್ತ ಹಾಲು ಬಿಟ್ಟಿರುವ ಮಗುವಿಗೆ ಔಷಧಿ ಕೊಡುವುದರಲ್ಲಿ ಅರ್ಥವಿದೆ. ಜ್ವರವನ್ನು ಕೂಡಲೇ ಇಳಿಸದಿದ್ದರೆ ಫಿಟ್ಸ್ ಬರುತ್ತದೆಂಬ ಭಯ ಅನೇಕರಿಗೆ ಇದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುವುದು ನಿಜ, ಆದರೆ ಜ್ವರದ ಔಷಧಿ ಅದನ್ನು ತಡೆಯುವುದಿಲ್ಲ ಎಂಬುದೇ ವೈದ್ಯಶಾಸ್ತ್ರದ ಇಂದಿನ ತಿಳಿವಳಿಕೆ. ಆದ್ದರಿಂದ ಔಷಧಿ ಕೊಡುವುದು ಮಗುವಿನ ನೋವು ಮತ್ತು ಕಿರಿಕಿರಿಗೆ.

ತಣ್ಣೀರಿನಲ್ಲಿ ಮೈ ಒರೆಸುವುದು ಔಷಧಿಗೆ ಸಾಟಿಯಲ್ಲ. ಚರ್ಮಕ್ಕೆ ತಣ್ಣೀರು ತಗುಲಿದೊಡನೆ ಅಲ್ಲಿನ ರಕ್ತನಾಳಗಳು ಕುಗ್ಗುತ್ತವೆ, ಮಗು ನಡುಗುತ್ತದೆ, ನಡುಕ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ, ಅಲ್ಲಿಗೆ ಮಾಡಹೊರಟ ಕೆಲಸವೇ ತಿರುಗುಮುರುಗಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿದರೆ ಕೆಲವು ನಿಮಿಷ ಜ್ವರ ತುಸು ಇಳಿದಂತೆ ಕಂಡರೂ ಮಗು ಅತ್ತು ಕೊಸರಾಡಿದರೆ ಅಲ್ಲಿಗೇ ನಿಲ್ಲಿಸಬೇಕು. ಮಗುವಿಗೆ ಹಿತವೆನಿಸಿದರೆ ಮುಂದುವರಿಸಲು ಅಡ್ಡಿಯಿಲ್ಲ. ಸ್ಪಿರಿಟ್, ಕೊಲೋನ್, ಐಸ್ ಇವು ಮೂರೂ ಬೇಡವೇ ಬೇಡ. ಬಟ್ಟೆಯ ವಿಷಯದಲ್ಲಿಯೂ ಹೀಗೆಯೇ: ಚಳಿಯಿಂದ ನಡುಗುವಾಗ ಒಂದು ಹೊದಿಕೆ ಹಿತ, ನಡುಕ ನಿಂತ ಮೇಲೆ ಒಂದೇ ಪದರದ ಹತ್ತಿ ಬಟ್ಟೆ ಹಿತ. ಬೆವರಿಸಿ ಜ್ವರ ಬಿಡಿಸುತ್ತೇವೆಂದು ಕುಲಾವಿ, ಸಾಕ್ಸ್, ಸ್ವೆಟರ್ ಎಲ್ಲವನ್ನೂ ತೊಡಿಸಿದರೆ ಶಾಖ ಒಳಗೇ ಉಳಿಯುತ್ತದೆ.

ಔಷಧಿಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಪ್ಯಾರಾಸಿಟಮಾಲ್, ಅದೂ ಬೇರೆ ಯಾವ ಔಷಧಿಯೂ ಬೆರೆಯದ ಪ್ಯಾರಾಸಿಟಮಾಲ್. ಐಬುಪ್ರೊಫೇನ್ ಕೂಡ ಒಳ್ಳೆಯ ಔಷಧಿಯೇ, ಆದರೆ ಆರು ತಿಂಗಳೊಳಗಿನ ಕೂಸಿಗೆ, ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡಿರುವ ಮಗುವಿಗೆ, ಡೆಂಗಿಯ ಅನುಮಾನವಿರುವಾಗ ಅದು ಸಲ್ಲದು. ಡೆಂಗಿಯಲ್ಲಿ ರಕ್ತಸ್ರಾವದ ಅಪಾಯವನ್ನು ಅದು ಹೆಚ್ಚಿಸುತ್ತದೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಕರ್ನಾಟಕದಂಥ ರಾಜ್ಯದಲ್ಲಿ, ಮಳೆಗಾಲದ ಪ್ರತಿಯೊಂದು ಜ್ವರದಲ್ಲೂ ಈ ಅನುಮಾನಕ್ಕೆ ಜಾಗವಿದೆ. ಮೆಫೆನಮಿಕ್ ಆಮ್ಲದ ಸಿರಪ್ಪನ್ನು ಜ್ವರ ಬೇಗ ಇಳಿಸುತ್ತದೆಂದು ಮನೆಮನೆಗಳಲ್ಲಿ ಇಟ್ಟುಕೊಂಡಿರುತ್ತಾರೆ; ಐಬುಪ್ರೊಫೇನ್‌ಗಿರುವ ಆತಂಕಗಳೆಲ್ಲ ಇದಕ್ಕೂ ಇವೆ, ಜೊತೆಗೆ 2023ರ ಕೊನೆಯಲ್ಲಿ ಭಾರತೀಯ ಔಷಧಕೋಶ ಆಯೋಗವು ಇದರಿಂದ ತೀವ್ರ ಅಲರ್ಜಿ ಉಂಟಾಗಬಹುದೆಂದು ಎಚ್ಚರಿಸಿದೆ. ಆಸ್ಪಿರಿನ್ ಮಕ್ಕಳ ಜ್ವರಕ್ಕಲ್ಲ. ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲಿಯೇ ನಿಷೇಧಿಸಿದೆ. ಎರಡು ಔಷಧಿಗಳನ್ನು ಸರದಿಯಂತೆ ಕೊಡುವ ಪದ್ಧತಿಯಿಂದ ಅಂಕಿ ಸ್ವಲ್ಪ ಹೆಚ್ಚು ಇಳಿಯಬಹುದು, ಆದರೆ ನಿದ್ದೆಗೆಟ್ಟ ಮನೆಯಲ್ಲಿ ಯಾವುದನ್ನು ಯಾವಾಗ ಕೊಟ್ಟೆವೆಂಬ ಲೆಕ್ಕ ತಪ್ಪುವ ಸಾಧ್ಯತೆ ಅದಕ್ಕಿಂತ ದೊಡ್ಡದು.

ಪ್ಯಾರಾಸಿಟಮಾಲ್‌ನಲ್ಲಿಯೂ ಹನಿ ಮತ್ತು ಸಿರಪ್ ನಡುವಿನ ವ್ಯತ್ಯಾಸವನ್ನು ಎಲ್ಲಕ್ಕಿಂತ ಎಚ್ಚರದಿಂದ ನೋಡಬೇಕು. ಒಂದು ಸಲದ ಪ್ರಮಾಣ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎರಡು ಸಲಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಾಲ್ಕು ಸಲ ಮೀರದಿರುವುದು ಕ್ಷೇಮ. ಎಂಟು ಕಿಲೋ ತೂಕದ ಮಗುವಿಗೆ 120 ಮಿಲಿಗ್ರಾಂ ಎಂದಿಟ್ಟುಕೊಂಡರೆ, 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ ಅದು 5 ಮಿಲಿಲೀಟರ್, 5 ಮಿಲಿಲೀಟರಿಗೆ 250 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 2.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಹನಿಯಲ್ಲಿ ಕೇವಲ 1.2 ಮಿಲಿಲೀಟರ್. ಸಿರಪ್ ಎಂದುಕೊಂಡು ಹನಿಯ ಬಾಟಲಿಯಿಂದ 5 ಮಿಲಿಲೀಟರ್ ಕುಡಿಸಿದರೆ ನಾಲ್ಕು ಪಟ್ಟಿಗೂ ಹೆಚ್ಚು ಔಷಧಿ ಹೊಟ್ಟೆ ಸೇರುತ್ತದೆ. ಹೀಗೆ ಮಿತಿಮೀರಿದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಹಾಗಾಗಿ ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇರಲಿ, ಮಗುವಿನ ಈಗಿನ ತೂಕಕ್ಕೆ ಎಷ್ಟು ಮಿಲಿಲೀಟರ್ ಎಂಬುದನ್ನು ವೈದ್ಯರಿಂದಲೇ ಬಾಟಲಿಯ ಮೇಲೆ ಬರೆಸಿಕೊಳ್ಳಿ. ಅಡುಗೆಮನೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಅಳತೆಯವು. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುದು ನಿಖರವೂ ಹೌದು, ಮಗುವಿಗೆ ನುಂಗಲು ಸುಲಭವೂ ಹೌದು.

ನೆಗಡಿ, ಕೆಮ್ಮು: ಸಲೈನ್, ಹಬೆ, ಸಿರಪ್

ಎಳೆಯ ಕೂಸು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ, ಮೂಗು ಕಟ್ಟಿದರೆ ಮೊಲೆ ಹಿಡಿಯಲಾರದೆ ಅಳುತ್ತದೆ. ಇಲ್ಲಿ ಅತ್ಯುತ್ತಮ ಆಯ್ಕೆಯೂ ಅತಿ ಅಗ್ಗದ ಆಯ್ಕೆಯೂ ಒಂದೇ, ಸಾದಾ ಸಲೈನ್ ಹನಿ. ಹಾಲೂಡಿಸುವುದಕ್ಕೂ ಮಲಗಿಸುವುದಕ್ಕೂ ಸ್ವಲ್ಪ ಮೊದಲು ಪ್ರತಿ ಹೊಳ್ಳೆಗೆ ಎರಡು ಹನಿ ಬಿಟ್ಟು, ಒಂದೆರಡು ನಿಮಿಷದ ಬಳಿಕ ಹೊರಬಂದ ಸಿಂಬಳವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಮೂಗಿನ ಊತ ಇಳಿಸುವ ಔಷಧಿಯುಳ್ಳ ಹನಿಗಳು ಇದೇ ಆಕಾರದ ಬಾಟಲಿಯಲ್ಲಿ ಸಿಗುತ್ತವೆ, ಅವು ವೈದ್ಯರು ಬರೆದುಕೊಡದೆ ಕೂಸಿಗೆ ಬೇಡ. ಮೂಗಿಗೆ ಎಣ್ಣೆ ಬಿಡುವ ರೂಢಿಯನ್ನಂತೂ ಬಿಟ್ಟೇಬಿಡಬೇಕು, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಉಂಟಾಗುತ್ತದೆ.

ಬಿಸಿನೀರಿನ ಪಾತ್ರೆಯ ಹಬೆ ದೊಡ್ಡವರಿಗೆ ಹಿತವೆನಿಸಬಹುದು, ತೆವಳುವ ಮಗುವಿರುವ ಮನೆಯಲ್ಲಿ ಅದು ಸುಟ್ಟಗಾಯಕ್ಕೆ ಆಹ್ವಾನ. ಕರ್ಪೂರವಿರುವ ಮುಲಾಮುಗಳನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬಾರದು. ಕರ್ಪೂರ ಬಾಯಿಗೆ ಹೋದರೆ ಸ್ವಲ್ಪವೇ ಆದರೂ ಫಿಟ್ಸ್ ಬರಿಸಬಲ್ಲದು, ಹಾಗಿರುವಾಗ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ ತಿಕ್ಕುವುದೂ ಮೂಗಿನ ಬಳಿ ಹಿಡಿಯುವುದೂ ತರವಲ್ಲ. ನೀಲಗಿರಿ ಎಣ್ಣೆಯ ಮಾತೂ ಅಷ್ಟೇ. ಸ್ನಾನದ ಬಳಿಕ ಸಾಂಬ್ರಾಣಿ ಅಥವಾ ಕೆಂಡದ ಹೊಗೆ ಹಾಕುವುದು ಪ್ರೀತಿಯಿಂದ ಮಾಡುವ ಕೆಲಸವೇ, ಆದರೂ ಕೆಮ್ಮುವ ಮಗುವಿನ ಕಿರಿದಾದ ಶ್ವಾಸನಾಳಗಳಿಗೆ ಹೊಗೆ ಯಾವ ಮೂಲದಿಂದ ಬಂದರೂ ಹೊಗೆಯೇ. ನೆಬ್ಯುಲೈಸರ್ ಯಂತ್ರವನ್ನು ಈಗ ಅನೇಕರು ಕೊಂಡು ಇಟ್ಟುಕೊಳ್ಳುತ್ತಾರೆ. ಉಬ್ಬಸದ ಪ್ರವೃತ್ತಿಯಿದ್ದು ವೈದ್ಯರು ಸೂಚಿಸಿದ್ದರೆ ಸರಿ, ಸಾಮಾನ್ಯ ನೆಗಡಿಗೆ ಅದರ ಅಗತ್ಯವಿಲ್ಲ.

ಕೆಮ್ಮಿನ ಸಿರಪ್ಪಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಉಳಿದಿಲ್ಲ, ಎಳೆಯ ಮಕ್ಕಳಿಗೆ ಅದು ಬೇಡ. ಕೆಮ್ಮು ಕಫವನ್ನು ಹೊರಹಾಕಲು ದೇಹ ಮಾಡುವ ಪ್ರಯತ್ನ. ಅದನ್ನು ಅಡಗಿಸುವ ಸಿರಪ್ಪುಗಳು ಈ ವಯಸ್ಸಿನಲ್ಲಿ ಗುಣ ತೋರಿಸಿದ್ದಕ್ಕೆ ಆಧಾರ ದುರ್ಬಲ, ಮಂಪರು ಮತ್ತು ಉಸಿರಾಟದ ತೊಂದರೆಯ ಅಪಾಯ ಮಾತ್ರ ನಿಜ. ನೆಗಡಿಗೆ ಬಹಳ ಬಳಕೆಯಲ್ಲಿದ್ದ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಔಷಧ ನಿಯಂತ್ರಕರು 2023ರಲ್ಲಿ ಆದೇಶಿಸಿದರು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದವಾಡಾದ ಸುತ್ತಮುತ್ತ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿದ್ದ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ತಾನಾಗಿ ಹೋಗಬಹುದಾಗಿದ್ದ ಕೆಮ್ಮಿಗೆ ಆ ಮನೆಗಳು ತೆತ್ತ ಬೆಲೆಯನ್ನು ನೆನೆದರೆ ಎದೆ ಭಾರವಾಗುತ್ತದೆ. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿಗಳನ್ನು ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಸೂಚನೆ ಹೊರಡಿಸಿತು.

ಸಿರಪ್ಪಿನ ಬದಲಿಗೆ ಏನು ಎಂದರೆ, ವರ್ಷ ತುಂಬಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ. ರಾತ್ರಿಯ ಕೆಮ್ಮನ್ನು ಅದು ತಕ್ಕಮಟ್ಟಿಗೆ ಶಮನ ಮಾಡುತ್ತದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಒಂದು ಹನಿಯೂ ಬೇಡ, ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುವುದೂ ಬೇಡ. ಜೇನಿನಲ್ಲಿರಬಹುದಾದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಸೋಲಿಸುವ ವಿಷವನ್ನು ಉತ್ಪಾದಿಸಬಲ್ಲವು. ಬಾಡಿಸಿದ ದೊಡ್ಡಪತ್ರೆಯ ರಸ, ತುಳಸಿಯ ರಸಗಳನ್ನು ಆರು ತಿಂಗಳ ಒಳಗೆ ಕೊಡದಿರುವುದೇ ಲೇಸು, ಏಕೆಂದರೆ ಆವರೆಗೆ ಎದೆಹಾಲಿನ ಹೊರತು ನೀರು ಕೂಡ ಬೇಕಿಲ್ಲ. ದೊಡ್ಡ ಮಗುವಿಗೆ ಬೆಚ್ಚಗಿನ ನೀರು, ತಿಳಿಸಾರು, ಬೇಳೆಕಟ್ಟು ಇವೇ ಗಂಟಲಿಗೆ ಸಾಕಷ್ಟು ಹಿತ ಕೊಡುತ್ತವೆ.

ವಾಂತಿಭೇದಿ: ಓಆರ್‌ಎಸ್ ಮತ್ತು ಅದರ ಹೆಸರಿನಲ್ಲಿ ಮಾರಾಟವಾದವು

ಭೇದಿಯಲ್ಲಿ ಮಗುವಿಗೆ ಕೇಡು ಮಾಡುವುದು ಮಲದ ಜೊತೆ ಹೊರಹೋಗುವ ನೀರು ಮತ್ತು ಲವಣ. ಕರುಳಿನ ಗೋಡೆ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಗೂಡಿಸಿ ಒಳಗೆಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಬರುತ್ತದೆ. ಭೇದಿ ನಡೆಯುತ್ತಿರುವಾಗಲೂ ಈ ದಾರಿ ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬಿಸ್ ಈ ತತ್ತ್ವವನ್ನೇ ನಂಬಿ ಸಕ್ಕರೆ ಉಪ್ಪಿನ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಓಆರ್‌ಎಸ್ ಎಂದು ಕರೆಯುವ ಇಂಥ ದ್ರಾವಣದಲ್ಲಿ ಸಕ್ಕರೆ, ಉಪ್ಪು ಎರಡರ ಪ್ರಮಾಣವೂ ಸರಿಯಾಗಿರುವುದೇ ಮುಖ್ಯ. ಸಕ್ಕರೆ ಹೆಚ್ಚಾದರೆ ಅದು ನೀರನ್ನು ದೇಹದಿಂದ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಈ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಮುದ್ರಿಸಿರುವ ಪುಡಿಯ ಪೊಟ್ಟಣವೇ ಮೊದಲ ಆಯ್ಕೆ. ರಟ್ಟಿನ ಪೆಟ್ಟಿಗೆಯಲ್ಲಿ ಬರುವ, ಹಣ್ಣಿನ ರುಚಿಯ, ಓಆರ್‌ಎಸ್ ಎಂಬ ಅಕ್ಷರಗಳನ್ನು ಹೊತ್ತ ಪಾನೀಯಗಳಲ್ಲಿ ಹಲವು ಸಕ್ಕರೆಯ ನೀರಾಗಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರ ಬಹುಕಾಲದ ಹೋರಾಟದ ನಂತರ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅಂಥ ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳನ್ನು ಬಳಸುವಂತಿಲ್ಲವೆಂದು ಆದೇಶಿಸಿತು. ಎಳನೀರು ಒಳ್ಳೆಯ ಪಾನೀಯ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಓಆರ್‌ಎಸ್ ಜೊತೆಗೆ ಕೊಡಬಹುದು, ಅದರ ಬದಲಿಗೆ ಅಲ್ಲ. ಚಿಟಿಕೆ ಉಪ್ಪು ಹಾಕಿದ ಅಕ್ಕಿಗಂಜಿ, ನೀರುಮಜ್ಜಿಗೆ ಇವು ಆರು ತಿಂಗಳು ದಾಟಿದ ಮಗುವಿಗೆ ಎಳನೀರಿಗಿಂತಲೂ ಹೊಂದುತ್ತವೆ. ಪೊಟ್ಟಣ ಸಿಗದ ರಾತ್ರಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಬೆಳಗಿನವರೆಗೆ ಸಾಗಿಸಬಹುದು, ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳಲೇಬೇಕು.

ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಅಂದರೆ ದೊಡ್ಡದಾದರೆ ಒಂದು ಲೀಟರಿಗೆ, ಚಿಕ್ಕದಾದರೆ 200 ಮಿಲಿಲೀಟರಿಗೆ, ಇಡೀ ಪೊಟ್ಟಣವನ್ನು ಒಮ್ಮೆಗೇ ಬೆರೆಸಬೇಕು. ಲೋಟಕ್ಕೆ ಒಂದು ಚಮಚ ಪುಡಿ ಹಾಕಿ ಕಲಸಿದರೆ ಅಳತೆ ಕೆಡುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್ ಬೇಕಾಗುತ್ತದೆ. ಬಾಟಲಿಯಲ್ಲಿ ಗಟಗಟನೆ ಕುಡಿಸುವುದಕ್ಕಿಂತ ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕುಡಿಸಿದರೆ ಹೊಟ್ಟೆಯಲ್ಲಿ ನಿಲ್ಲುತ್ತದೆ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಆರಂಭಿಸಬೇಕು. ಉಳಿದದ್ದನ್ನು ಇಪ್ಪತ್ತನಾಲ್ಕು ಗಂಟೆಯ ನಂತರ ಚೆಲ್ಲಿಬಿಡಿ. ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಹೊಟ್ಟೆಗೆ ವಿಶ್ರಾಂತಿ ಕೊಡುವ ನೆಪದಲ್ಲಿ ಉಪವಾಸ ಕೆಡವಿದರೆ ಮಗು ಸೊರಗುತ್ತದೆ. ಇದರೊಡನೆ ಜಿಂಕ್ ಹದಿನಾಲ್ಕು ದಿನ, ಎರಡರಿಂದ ಆರು ತಿಂಗಳವರೆಗಿನ ಕೂಸಿಗೆ ದಿನಕ್ಕೆ 10, ಅದಕ್ಕಿಂತ ದೊಡ್ಡವರಿಗೆ 20 ಮಿಲಿಗ್ರಾಂ. ಭೇದಿ ಮೂರು ದಿನಕ್ಕೆ ನಿಂತರೂ ಜಿಂಕ್ ಪೂರ್ತಿ ಮುಗಿಸಬೇಕು. ಓಆರ್‌ಎಸ್, ಜಿಂಕ್ ಎರಡೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ದೊರೆಯುತ್ತವೆ. ಭೇದಿ ಕಟ್ಟಿಸುವ ಮಾತ್ರೆಗಳು ಎಳೆಯ ಮಕ್ಕಳಿಗೆ ಅಪಾಯ.

ಹೊಟ್ಟೆನೋವು, ಹಲ್ಲು, ಕಿವಿ, ಬಾಯಿಹುಣ್ಣು

ಸಂಜೆಯಾದೊಡನೆ ಕಾಲು ಮಡಚಿಕೊಂಡು ಗಂಟೆಗಟ್ಟಲೆ ಅಳುವ ಎರಡು ಮೂರು ತಿಂಗಳ ಕೂಸಿಗೆ ಗ್ರೈಪ್ ವಾಟರ್ ಕೊಡುವುದಕ್ಕಿಂತ, ಹೆಗಲಿಗೆ ಹಾಕಿಕೊಂಡು ತೇಗು ತರಿಸುವುದು, ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಮೆಲ್ಲಗೆ ನೀವುವುದು ಮೇಲು. ಇಂಗನ್ನು ಹೊಕ್ಕುಳ ಸುತ್ತ ಹಚ್ಚುವುದು ನಿರಪಾಯವಾದ ರೂಢಿ. ಓಂಕಾಳಿನ ಕಷಾಯ, ಹರಳೆಣ್ಣೆ ಹೊಟ್ಟೆಗೆ ಬೇಡ. ರಾಜ್ಯದ ಕೆಲವು ಕಡೆ ಇಂದಿಗೂ ಉಳಿದಿರುವ, ಕೂಸಿನ ಹೊಟ್ಟೆಗೆ ಬರೆ ಹಾಕುವ ಪದ್ಧತಿಯನ್ನು ಹೋಲಿಕೆಗೆ ಎತ್ತಿಕೊಳ್ಳುವಂತೆಯೇ ಇಲ್ಲ, ಅದು ಹಿಂಸೆ.

ಹಲ್ಲು ಬರುವ ನೋವಿಗೆ ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ ಶುಭ್ರ ಒದ್ದೆ ಬಟ್ಟೆಯನ್ನು ಕಚ್ಚಲು ಕೊಡುವುದು, ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್‌ಗಿಂತ ಸುರಕ್ಷಿತ. ಬೆಂಜೊಕೇನ್ ಇರುವ ಜೆಲ್‌ಗಳು ರಕ್ತ ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನೇ ಕುಗ್ಗಿಸಬಲ್ಲವು. ಹಲ್ಲು ಬರುತ್ತಿದೆಯೆಂದು ಹೆಚ್ಚಿನ ಜ್ವರವನ್ನೂ ಭೇದಿಯನ್ನೂ ಅದರ ತಲೆಗೆ ಕಟ್ಟಬೇಡಿ. ಕಿವಿನೋವಿಗೆ ಬೆಳ್ಳುಳ್ಳಿ ಎಣ್ಣೆ ಬಿಡುವುದಕ್ಕಿಂತ ಪ್ಯಾರಾಸಿಟಮಾಲ್ ಕೊಟ್ಟು ಮರುದಿನ ತೋರಿಸುವುದು ಒಳಿತು, ತಮಟೆ ತೂತಾಗಿದ್ದರೆ ಎಣ್ಣೆ ಒಳಕಿವಿಯ ಕಡೆಗೆ ಇಳಿಯುತ್ತದೆ. ಶಿಶುವಿಹಾರಗಳಲ್ಲಿ ಹರಡುವ ಕೈ ಕಾಲು ಬಾಯಿ ರೋಗದಲ್ಲಿ ಬಾಯಿಯ ಹುಣ್ಣುಗಳಿಂದ ಮಗು ನೀರು ಕೂಡ ನುಂಗದಾದಾಗ ಬಿಸಿ, ಹುಳಿ, ಖಾರಗಳನ್ನು ಬಿಟ್ಟು ತಣ್ಣನೆಯ ಹಾಲು, ಹುಳಿಯಿಲ್ಲದ ಮೊಸರಿನಲ್ಲಿ ಕಿವುಚಿದ ಅನ್ನ, ಮಾಗಿದ ಬಾಳೆಹಣ್ಣು ಕೊಡಿ. ಇಲ್ಲಿ ಮೊಸರಿನಿಂದ ಶೀತವಾಗುತ್ತದೆಂಬ ಅಂಜಿಕೆ ಬೇಡ.

ಎತ್ತಿಕೊಳ್ಳುವುದೋ, ತೊಟ್ಟಿಲೋ

ಎತ್ತಿಕೊಂಡೇ ಇದ್ದರೆ ಅಭ್ಯಾಸವಾಗುತ್ತದೆಂಬ ಮಾತನ್ನು ಕಾಯಿಲೆಯ ದಿನಗಳಲ್ಲಿ ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ. ತಾಯಿಯ ಅಥವಾ ತಂದೆಯ ಬರಿಯ ಎದೆಗೆ ಒರಗಿಸಿಕೊಂಡ ಕೂಸಿನ ಉಸಿರಾಟ, ಹೃದಯಬಡಿತಗಳು ಸ್ಥಿಮಿತಕ್ಕೆ ಬರುತ್ತವೆ, ಎದೆಹಾಲು ಕುಡಿಯುತ್ತಿರುವಾಗ ನೋವಿನ ಅರಿವು ತಗ್ಗುತ್ತದೆ. ಚುಚ್ಚುಮದ್ದಿನ ಹೊತ್ತಿನಲ್ಲಿ ಹಾಲೂಡಿಸಲು ಹೇಳುವುದು ಇದರಿಂದಲೇ. ಹಾಲಿನ ಪ್ರಮಾಣವನ್ನು ಕಡಿಮೆ ಮಾಡಿ ಸರದಿಯನ್ನು ಹೆಚ್ಚಿಸಿದರೆ ಬಳಲಿದ ಮಗುವೂ ಸಾಕಷ್ಟು ಕುಡಿಯುತ್ತದೆ. ಜೋಗುಳ, ಮಂದ ಬೆಳಕು, ಗಾಳಿಯಾಡುವ ಕೋಣೆ, ಅತಿಥಿಗಳಿಲ್ಲದ ಮನೆ ಇವುಗಳ ಬೆಲೆ ಔಷಧಿಗಿಂತ ಕಡಿಮೆಯಲ್ಲ. ಮೊಬೈಲ್ ಕೊಟ್ಟರೆ ಅಳು ನಿಲ್ಲಬಹುದು, ನಿದ್ದೆ ಬರುವುದಿಲ್ಲ. ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಮೂಗು ಕಟ್ಟಿದೆಯೆಂದು ಕೂಸಿನ ತಲೆಯಡಿಗೆ ದಿಂಬು ಇಟ್ಟರೆ ಕತ್ತು ಬಾಗಿ ಉಸಿರಿಗೆ ಇನ್ನಷ್ಟು ಅಡ್ಡಿಯಾಗುತ್ತದೆ. ದೃಷ್ಟಿ ತೆಗೆಯುವುದರಿಂದ ಹಿರಿಯರ ಮನಸ್ಸು ನಿರಾಳವಾಗುವುದಾದರೆ ತೆಗೆಯಲಿ, ಮೆಣಸಿನಕಾಯಿಯ ಘಾಟು ಮಾತ್ರ ಮಗುವಿನ ಕೋಣೆಗೆ ಬಾರದಿರಲಿ.

ಮನೆಯೋ, ಆಸ್ಪತ್ರೆಯೋ

ಮೇಲಿನ ಎಲ್ಲ ಆಯ್ಕೆಗಳೂ ಮಗು ಕುಡಿಯುತ್ತಿರುವಾಗ, ಎಚ್ಚರವಾದಾಗ ನಮ್ಮ ಮುಖ ನೋಡುತ್ತಿರುವಾಗ ಮಾತ್ರ. ಉಸಿರಾಟವನ್ನು ಎಣಿಸಲು ಪ್ರತಿಯೊಬ್ಬ ತಾಯಿತಂದೆಯೂ ಕಲಿಯಬೇಕು: ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿದಾಗ, ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ವರ್ಷದೊಳಗೆ 50, ಒಂದರಿಂದ ಐದು ವರ್ಷದವರಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ವೇಗದ ಉಸಿರು, ಅಂದೇ ತೋರಿಸಬೇಕು. ಪಕ್ಕೆಯ ಕೆಳಭಾಗ ಒಳಗೆ ಸೇದಿಕೊಳ್ಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆಗಳೆದ್ದರೆ ಬೆಳಗಾಗಲೆಂದು ಕಾಯಬಾರದು. ಕಣ್ಣು, ನೆತ್ತಿ ಗುಳಿಬಿದ್ದು, ಅತ್ತರೂ ಕಣ್ಣೀರು ಬಾರದೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೂ ಹಾಗೆಯೇ. ಜ್ವರ ಮೂರು ದಿನ ದಾಟಿದರೆ ಮಗು ಗೆಲುವಾಗಿದ್ದರೂ ತೋರಿಸಿ. ಡೆಂಗಿಯಲ್ಲಿ ಜ್ವರ ಬಿಟ್ಟ ಮರುದಿನಗಳೇ ಹೆಚ್ಚು ಅಪಾಯದವು, ಜ್ವರ ಇಳಿದ ಮೇಲೆ ಮಗು ಮಂಕಾದರೆ ಅದನ್ನು ಸುಸ್ತೆಂದು ತಳ್ಳಿಹಾಕಬೇಡಿ.

ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕದೆ, ಎಷ್ಟು ಹೊತ್ತು ನಡೆಯಿತೆಂದು ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ಮೀರಿದರೆ ಒಡನೆಯೇ 108ಕ್ಕೆ ಕರೆ ಮಾಡಿ. ತುರ್ತಲ್ಲದ ಅನುಮಾನಗಳಿಗೆ ಕರ್ನಾಟಕದಲ್ಲಿ 104 ಆರೋಗ್ಯ ಸಹಾಯವಾಣಿ ಇದೆ. ಹೊರಡುವಾಗ ತಾಯಿ ಕಾರ್ಡು, ಕೊಟ್ಟ ಔಷಧಿಗಳ ಬಾಟಲಿಗಳು, ಯಾವ ಔಷಧಿಯನ್ನು ಎಷ್ಟು ಹೊತ್ತಿಗೆ ಎಷ್ಟು ಮಿಲಿಲೀಟರ್ ಕೊಟ್ಟಿರೆಂಬ ಚೀಟಿ ಜೊತೆಯಲ್ಲಿರಲಿ, ಮನೆಮದ್ದು ಕೊಟ್ಟಿದ್ದರೆ ಸಂಕೋಚಪಡದೆ ಅದನ್ನೂ ಆ ಚೀಟಿಯಲ್ಲಿ ಬರೆಯಿರಿ.